ಜಗಲಿ ಯಾರದು?

ಮಲೆನಾಡಿನ ಹಳೆಯ ಮನೆಗಳ ಬಗ್ಗೆ ಬರೆಯುವವರೆಲ್ಲ ಜಗಲಿಯನ್ನು ಹೊಗಳುತ್ತಾರೆ. ಬಂದವರಿಗೆ ಬೆಲ್ಲ ನೀರು, ಕವಳದ ತಟ್ಟೆ, ಮಳೆಗಾಲದ ಸಂಜೆಯ ಪಟ್ಟಾಂಗ, ಊರಿನ ಸುದ್ದಿಯೆಲ್ಲ ಬಂದು ಇಳಿಯುತ್ತಿದ್ದ ಸ್ಥಳ ಅದು ಎನ್ನುತ್ತಾರೆ. ಅದೆಲ್ಲ ನಿಜವೇ. ಆದರೆ ಜಗಲಿಯ ಮೇಲೆ ಯಾರು ಕೂರಬೇಕು, ಯಾರು ಮೆಟ್ಟಿಲಿನ ಮೇಲೆ ಕೂರಬೇಕು, ಯಾರು ಅಂಗಳದಲ್ಲೇ ನಿಂತು ಮಾತನಾಡಿ ಹೋಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಮನೆಯ ಯಜಮಾನರು. ಹೆಂಗಸರಿಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಷ್ಟೇ ಲಾಭ. ಜಗಲಿ ಎಲ್ಲರದೂ ಎಂದು ಹೇಳುವುದು ಸುಲಭ. ಯಜಮಾನರ ಮುಖ ಗಂಟಿಕ್ಕಿದ ದಿನ ಅದು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಈಗ ಆ ಜಗಲಿ ಮೊಬೈಲಿನೊಳಗೆ ಬಂದು ಕುಳಿತಿದೆ. ಕೊಪ್ಪದ ಬಸ್ ನಿಲ್ದಾಣದಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತಾ ನಿಂತ ಹತ್ತು ಮಂದಿ ಹೆಂಗಸರಲ್ಲಿ ಎಂಟು ಮಂದಿ ಅದರೊಳಗೇ ಇರುತ್ತಾರೆ. ಯಾರದೋ ಮಗಳ ಸೀಮಂತದ ಚಿತ್ರ, ಅಪ್ಪೆಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವ ಕ್ರಮ, ಅಡಿಕೆ ಧಾರಣೆ, ಸತ್ತವರ ಸುದ್ದಿ. ಬಾಗಿಲ ಹಿಂದೆ ನಿಂತಿದ್ದವರು ಮುಂದೆ ಬಂದು ಕೂತಿದ್ದಾರೆ ಎಂದು ನನಗೆ ಸಂತೋಷವೇ. ಆದರೆ ಸಮಾಜ ಪಾಠ ಹೇಳುವ ಮೇಷ್ಟ್ರಮ್ಮನಿಗೆ ಇತಿಹಾಸ ಕೆದಕುವ ಚಟ. ಈ ಜಗಲಿಯ ಯಜಮಾನರು ಯಾರು, ಅವರು ಬಾಗಿಲು ಹಾಕಿಕೊಂಡರೆ ನಮ್ಮ ಗತಿಯೇನು ಎಂದು ಹುಡುಕುತ್ತಾ ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಮ್ಮನ ಮಗ, "ಅತ್ತೆ, ನಿಮಗೇಕೆ ಈ ಉಸಾಬರಿ?" ಎಂದು ನಗುತ್ತಲೇ ಬೇಕಾದ್ದನ್ನೆಲ್ಲ ವಿವರಿಸಿದ.

ಬಾಗಿಲು ಹಾಕಿಕೊಂಡ ಜಗಲಿಗಳ ಪಟ್ಟಿಯೇ ಇದೆ. ಗೂಗಲ್ ಕಂಪನಿಯ ಆರ್ಕುಟ್ 2004ರಲ್ಲಿ ಶುರುವಾಗಿ ನಮ್ಮ ಕಾಲೇಜು ಹುಡುಗ ಹುಡುಗಿಯರನ್ನೆಲ್ಲ ಹುಚ್ಚು ಹಿಡಿಸಿತ್ತು; 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದೇ ಕಂಪನಿಯ ಗೂಗಲ್ ಪ್ಲಸ್ 2019ರ ಏಪ್ರಿಲ್ಲಿನಲ್ಲಿ ಕೊನೆಯಾಯಿತು. ನಮಗೆ ಹತ್ತಿರದ ಕಥೆ 'ಕೂ'ವಿನದು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಎಂಬ ಇಬ್ಬರು ಬೆಂಗಳೂರಿನಲ್ಲಿ 2020ರ ಮಾರ್ಚ್‌ನಲ್ಲಿ ಅದನ್ನು ಆರಂಭಿಸಿದರು. ಇಂಗ್ಲಿಷಿನಲ್ಲಲ್ಲ, ಮೊಟ್ಟಮೊದಲು ಕನ್ನಡದಲ್ಲಿ. ಅಂಥ ದೊಡ್ಡ ಜಗಲಿಯೊಂದು ಕನ್ನಡದವರಿಗಾಗಿ ಮೊದಲು ತೆರೆದದ್ದು ಸಣ್ಣ ಸಂಗತಿಯಲ್ಲ. ಆಮೇಲೆ ಬೇರೆ ಭಾಷೆಗಳೂ ಬಂದವು, ಮಂತ್ರಿಗಳು ಬಂದರು, ನಟರು ಬಂದರು. ಆದರೆ ಹಣ ಹೂಡುವವರು ಸಿಗದೆ, ಕೊಳ್ಳುವವರೊಡನೆ ನಡೆಸಿದ ಮಾತುಕತೆಯೂ ಫಲಿಸದೆ, 2024ರ ಜುಲೈನಲ್ಲಿ ಆ ಹಳದಿ ಹಕ್ಕಿ ವಿದಾಯ ಹೇಳಿತು. ಅದನ್ನು ಕಟ್ಟಿದವರು ತಮ್ಮ ವಿದಾಯದ ಪತ್ರದಲ್ಲಿ, ಇದನ್ನು ಸಾರ್ವಜನಿಕರ ಸ್ವತ್ತಾಗಿ ಮಾಡಬಹುದೇ ಎಂದು ಯೋಚಿಸುತ್ತಿರುವುದಾಗಿಯೂ ಬರೆದಿದ್ದರು. ಒಳ್ಳೆಯ ಯೋಚನೆ. ಆದರೆ ಅಂಥ ಯೋಚನೆ ಅಡಿಪಾಯ ಹಾಕುವ ದಿನವೇ ಬಂದಿದ್ದರೆ ಏನಾಗುತ್ತಿತ್ತು? ಈ ಪ್ರಬಂಧ ಅದರ ಬಗ್ಗೆಯೇ.

ನರಸಿಂಹರಾಜಪುರದ ಕಡೆಯವರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರಿಗೆ 'ಮುಳುಗಡೆ' ಎಂಬ ಮಾತು ಗೊತ್ತು. ಹಿಂದೆ ಎಡೇಹಳ್ಳಿ ಎಂದಿದ್ದ ಊರದು; ಮೈಸೂರಿನ ಯುವರಾಜರ ಹೆಸರು ಪಡೆದು ನರಸಿಂಹರಾಜಪುರವಾಯಿತು. ತರೀಕೆರೆಯಿಂದ ಅಲ್ಲಿಗೆ ಪುಟ್ಟ ರೈಲೊಂದು ಓಡುತ್ತಿತ್ತು. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಗದ್ದೆ, ತೋಟ, ಮನೆ, ದಾರಿಗಳ ಮೇಲೆ ಹರಡಿಕೊಂಡಿತು. ಕೆಳಗಿನ ಬಯಲಿನವರಿಗೆ ನೀರು ಬಂತು, ಅದು ಒಳ್ಳೆಯದೇ. ಆದರೆ ಮುಳುಗಬೇಕೋ ಬೇಡವೋ ಎಂದು ಮುಳುಗುವವರನ್ನು ಯಾರೂ ಕೇಳಲಿಲ್ಲ. ಜಾಲತಾಣ ಮುಚ್ಚುವುದಕ್ಕೂ ಭೂಮಿ ಮುಳುಗುವುದಕ್ಕೂ ಹೋಲಿಕೆಯೇ ಎಂದು ನೀವು ಕೇಳಬಹುದು. ಹೊಟ್ಟೆಯ ಪಾಡು ಬೇರೆ, ಒಪ್ಪುತ್ತೇನೆ. ಆದರೆ ನಮ್ಮದೆಂದು ತಿಳಿದದ್ದು ನಮ್ಮನ್ನು ಕೇಳದೆಯೇ ಇಲ್ಲವಾಗುವ ಬಗೆ ಒಂದೇ.

ನಮ್ಮ ದೊಡ್ಡಮ್ಮನೊಬ್ಬರು ಮದುವೆ ಮನೆಯ ಹಸೆ ಹಾಡುಗಳನ್ನು ಹಾಡುತ್ತಿದ್ದರು. ನಮ್ಮ ಮಹಿಳಾ ಮಂಡಳಿಯ ಐದಾರು ಮಂದಿ ಸೇರಿ, ಅವರದೂ ಸುತ್ತಲಿನ ಇನ್ನಿಬ್ಬರು ಮುದುಕಿಯರದೂ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ಒಂದು ದೊಡ್ಡ ಜಾಲತಾಣದಲ್ಲಿ ಗುಂಪು ಮಾಡಿಕೊಂಡು ಹಾಕುತ್ತಾ ಬಂದರು. ಅರವತ್ತಕ್ಕೂ ಹೆಚ್ಚು ಹಾಡುಗಳು. ದುಬೈಯಲ್ಲಿರುವ ಮೊಮ್ಮಕ್ಕಳೂ ಕೇಳಿ ಮೆಚ್ಚುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಗುಂಪೇ ಇಲ್ಲ! ಯಾವುದೋ ನಿಯಮ ಮೀರಿದ್ದೀರಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಯಾವ ನಿಯಮ, ಯಾರನ್ನು ಕೇಳಬೇಕು, ತಿಳಿಯಲಿಲ್ಲ. ಬರೆದ ಮನವಿಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ತೀರಿಕೊಂಡಿದ್ದರು. ಇನ್ನೊಬ್ಬರಿಗೆ ನೆನಪು ಹೋಗಿತ್ತು. ಪಂಚಾಯಿತಿ ಕಚೇರಿಯಲ್ಲಾದರೆ ಬಾಗಿಲಲ್ಲಿ ನಿಂತು ಜಗಳವಾಡಬಹುದು. ಇಲ್ಲಿ ಬಾಗಿಲೇ ಕಾಣಿಸದು.

ಇದಕ್ಕೆ ಬೇರೆ ದಾರಿಯಿಲ್ಲವೇ ಎಂದರೆ ಇದೆ, ಅದನ್ನು ಕಟ್ಟಿದವರೂ ಇದ್ದಾರೆ. ಆ ದಾರಿಯ ಕೀಲಿ ಇರುವುದು 'ಲೈಸೆನ್ಸ್' ಎಂಬ ಮಾತಿನಲ್ಲಿ. ನಮ್ಮ ಕಡೆ ಲೈಸೆನ್ಸ್ ಎಂದರೆ ಕೋವಿಯದು, ಗಾಡಿ ಓಡಿಸುವುದು, ಇಲ್ಲವೇ ಅಂಗಡಿಯದು. ಸರ್ಕಾರ ಕೊಡುತ್ತದೆ, ನಾವು ತೆಗೆದುಕೊಳ್ಳುತ್ತೇವೆ. ತಂತ್ರಾಂಶದ ಲೈಸೆನ್ಸ್ ಹಾಗಲ್ಲ. ಅದನ್ನು ಬರೆದವರು, "ಇದನ್ನು ನೀವು ಹೀಗೆ ಬಳಸಬಹುದು, ಹೀಗೆ ಬಳಸಬಾರದು" ಎಂದು ಕೊಡುವ ಅಪ್ಪಣೆಪತ್ರ. ಹೆಚ್ಚಿನ ಕಂಪನಿಗಳ ಪತ್ರದಲ್ಲಿ 'ಬಾರದು'ಗಳೇ ಹೆಚ್ಚು. ತಂತ್ರಾಂಶದ ಮೂಲ ಬರಹ, ಅಂದರೆ ಅಡುಗೆಯ ಅಳತೆ ಮತ್ತು ಕ್ರಮ, ಅವರ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ನಮಗೆ ಕೊಡುವುದು ಬಡಿಸಿದ ಎಲೆ ಮಾತ್ರ.

ಇದಕ್ಕೆ ತಿರುಗಿ ನಿಂತವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಅವರು ಕೆಲಸ ಮಾಡುತ್ತಿದ್ದ ಮೆಸಾಚುಸೆಟ್ಸ್‌ನ ಪ್ರಯೋಗಶಾಲೆಗೆ ಬಂದ ಮುದ್ರಣಯಂತ್ರದಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತಂತೆ. ಅದರ ತಂತ್ರಾಂಶದ ಮೂಲ ಬರಹ ಕೊಟ್ಟರೆ ತಾನೇ ಅನುಕೂಲ ಮಾಡಿಕೊಳ್ಳುತ್ತೇನೆ ಎಂದು ಕೇಳಿದರೆ ಸಿಗಲಿಲ್ಲ. ಆ ಸಿಟ್ಟು ಸುಮ್ಮನೆ ಆರಲಿಲ್ಲ. 1983ರಲ್ಲಿ 'ಗ್ನೂ' ಎಂಬ ಮುಕ್ತ ತಂತ್ರಾಂಶದ ಯೋಜನೆ ಪ್ರಕಟಿಸಿದರು. 1989ರಲ್ಲಿ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಹೊಸ ಬಗೆಯ ಅಪ್ಪಣೆಪತ್ರ ಹೊರಟಿತು.

ಅದರಲ್ಲಿರುವುದು ನಾವು ಹೆಂಗಸರು ಅಡುಗೆಮನೆಯಲ್ಲಿ ಎಂದಿನಿಂದಲೋ ಪಾಲಿಸುತ್ತಾ ಬಂದ ಧರ್ಮವೇ. ಮನೆಯಲ್ಲಿ ಮೊಸರು ತೀರಿದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಆ ಹೆಪ್ಪಿನಿಂದ ನಾವು ಎಷ್ಟು ಮೊಸರು ಬೇಕಾದರೂ ಮಾಡಿಕೊಳ್ಳಬಹುದು, ಮಾರಲೂಬಹುದು. ಆದರೆ ನಾಳೆ ಇನ್ನೊಬ್ಬಳು ಬಟ್ಟಲು ಹಿಡಿದು ಬಂದರೆ ಇಲ್ಲ ಎನ್ನುವಂತಿಲ್ಲ. ಸ್ಟಾಲ್‌ಮನ್‌ರ ಪತ್ರ ಹೇಳುವುದೂ ಇಷ್ಟೇ: ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ, ಆದರೆ ನೀವು ತಿದ್ದಿ ಹಂಚುವಾಗ ಪಡೆಯುವವರಿಗೂ ಇದೇ ಸ್ವಾತಂತ್ರ್ಯ ಕೊಡಿ. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಮರುವರ್ಷ ಇದೇ ಪತ್ರದಡಿ ಬಂತು. ಇಂದು ಜಗತ್ತಿನ ದೊಡ್ಡ ಕಂಪ್ಯೂಟರುಗಳೆಲ್ಲ ಬಹುಮಟ್ಟಿಗೆ ಅದರ ಮೇಲೇ ನಡೆಯುತ್ತಿವೆ.

ಇದು ಪರದೇಶದ ಮಾತೆಂದು ತಿಳಿಯಬೇಡಿ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು, ಇಪ್ಪತ್ತಾರು ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡದ ಅಕ್ಷರಗಳೆಲ್ಲ ಮೂಡುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ ನಾಡಿಗೆ ಹಾಗೆಯೇ ಬಿಟ್ಟುಕೊಟ್ಟರು. ನುಡಿಯಲ್ಲಿ ನಾವು ಬೆರಳಚ್ಚು ಮಾಡುವುದು ಅದೇ ವಿನ್ಯಾಸದಲ್ಲಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕುಳಿತು, ಕನ್ನಡಕ್ಕೆ ಒಳ್ಳೆಯ ತಂತ್ರಾಂಶವಿಲ್ಲದಿದ್ದರೆ ಭಾಷೆಗೇ ಕುತ್ತು ಎಂದು ತಮ್ಮ ಕೊನೆಯ ವರ್ಷಗಳಲ್ಲಿ ಹಟ ಹಿಡಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ಕನ್ನಡ ತಂತ್ರಾಂಶ ಹೊರಬಂತು. ಅವರು 2007ರ ಏಪ್ರಿಲ್ 5ರಂದು ತೀರಿಕೊಂಡರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಉಚಿತ ಎಂಬುದು ಬೇರೆ, ಮುಕ್ತ ಎಂಬುದು ಬೇರೆ. ಉಚಿತವಾಗಿ ಕೊಟ್ಟದ್ದಕ್ಕೆ ನಾಳೆ ಬೆಲೆ ಬರಬಹುದು, ಕೊಡುವವರು ದಣಿದು ನಿಲ್ಲಿಸಬಹುದು. ಅದು ಅವರ ಹಕ್ಕು, ತಪ್ಪೆನ್ನಲಾಗದು. ಮುಕ್ತವಾದದ್ದನ್ನು ಮಾತ್ರ, ಮೊದಲಿನವರು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರು ಎತ್ತಿಕೊಳ್ಳಬಹುದು. ಹಬ್ಬದ ದಿನ ಊಟ ಹಾಕುವುದಕ್ಕೂ ಹೆಪ್ಪು ಕೊಡುವುದಕ್ಕೂ ಇರುವ ಅಂತರವೇ ಇದು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗಿ ಇಂದಿಗೂ ಬೆಳೆಯುತ್ತಿರುವುದು ಮುಕ್ತ ಪತ್ರದ ಆಸರೆಯಲ್ಲಿ. ಬರೆದವರೆಷ್ಟೋ ಮಂದಿ ಬಿಟ್ಟು ಹೋದರು, ಹೊಸಬರು ಬಂದರು, ಬರಹ ಉಳಿಯಿತು.

ಇನ್ನು ಜಾಲತಾಣದ ಮಾತು. ಇಂಥ ತಾಣಗಳು ನಡೆಯುವುದು ಸರ್ವರ್ ಎಂಬ, ಹಗಲೂ ರಾತ್ರಿ ಎಚ್ಚರವಾಗಿರುವ ಕಂಪ್ಯೂಟರಿನಲ್ಲಿ. ಹಳೆಯ ಅಪ್ಪಣೆಪತ್ರದಲ್ಲಿ ಇದಕ್ಕೊಂದು ಸಂದು ಇತ್ತು. ಹಂಚಿದರೆ ಮಾತ್ರ ಮೂಲ ಬರಹ ಕೊಡಬೇಕೆಂದು ಅದರಲ್ಲಿದ್ದುದು. ನಿಮ್ಮಿಂದ ಅಡುಗೆಯ ಕ್ರಮ ಕಲಿತ ಒಬ್ಬಾತ ಅದನ್ನು ಸುಧಾರಿಸಿ ಹೋಟೆಲಿಟ್ಟ ಎನ್ನಿ. ಅವನು ಪುಸ್ತಕ ಹಂಚುವುದಿಲ್ಲ, ಊಟ ಬಡಿಸುತ್ತಾನೆ. ಕ್ರಮ ಹೇಳು ಎಂದರೆ, ನಾನೇನೂ ಹಂಚಲಿಲ್ಲವಲ್ಲ ಎಂದುಬಿಡಬಹುದು. ಸರ್ವರ್ ಮೂಲಕ ಸೇವೆ ಕೊಡುವವರು ಮಾಡುವುದೂ ಇದನ್ನೇ. ಈ ಸಂದನ್ನು ಮುಚ್ಚಲು 2002ರಲ್ಲಿ ಅಫೆರೊ ಎಂಬ ಸಂಸ್ಥೆ ಪತ್ರಕ್ಕೊಂದು ಹೊಸ ಷರತ್ತು ಸೇರಿಸಿತು. 2007ರ ನವೆಂಬರ್‌ನಲ್ಲಿ ಸ್ಟಾಲ್‌ಮನ್‌ರ ಸಂಸ್ಥೆಯೇ ಅದನ್ನು ಪರಿಷ್ಕರಿಸಿ ಅಫೆರೊ ಜನರಲ್ ಪಬ್ಲಿಕ್ ಲೈಸೆನ್ಸ್ ಎಂದು ಪ್ರಕಟಿಸಿತು. ತಿದ್ದಿದ ತಂತ್ರಾಂಶದಿಂದ ಜಾಲದ ಮೂಲಕ ಸೇವೆ ಕೊಟ್ಟರೂ, ಉಂಡವರಿಗೆ ಅಡುಗೆಯ ಕ್ರಮ ಸಿಗುವಂತಿರಬೇಕು ಎಂಬುದೇ ಅದರ ಸಾರ.

ಆ ಪತ್ರ ಹಿಡಿದು ಜಗಲಿ ಕಟ್ಟಿದವರು ಹಲವರು. 2008ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇವಾನ್ ಪ್ರೊಡ್ರೊಮೊ ಎಂಬವರು ಸಣ್ಣ ಸಂದೇಶಗಳ ಮುಕ್ತ ತಾಣವೊಂದನ್ನು ನಡೆಸಿ ತೋರಿಸಿದರು. 2010ರಲ್ಲಿ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಡಯಾಸ್ಪೊರ ಎಂಬ ತಾಣ ಕಟ್ಟಲು ಜನರಲ್ಲಿ 10,000 ಡಾಲರ್ ಕೇಳಿದರೆ 2 ಲಕ್ಷ ಡಾಲರ್ ಬಂತು. ನಿರೀಕ್ಷೆಯ ಭಾರ ದೊಡ್ಡದಾಯಿತು. 2012ರಲ್ಲಿ ಅವರು ಅದನ್ನು ಬಳಕೆದಾರರ ಸಮುದಾಯಕ್ಕೇ ಒಪ್ಪಿಸಿದರು. ಅವರು ಕೈಬಿಟ್ಟರೂ ಅದು ಸಾಯಲಿಲ್ಲ ಎಂಬುದನ್ನು ನೆನಪಿಡಿ. ಆಮೇಲೆ 2016ರಲ್ಲಿ ಜರ್ಮನಿಯ ಓಯ್ಗನ್ ರೋಖ್ಕೊ ಎಂಬ ತರುಣ ಮಾಸ್ಟಡಾನ್ ಎಂಬುದನ್ನು ಬರೆದು ಜನರ ಮುಂದಿಟ್ಟ.

ಮಾಸ್ಟಡಾನಿನ ವಿಶೇಷವೆಂದರೆ ಅದು ಒಂದೇ ಜಗಲಿಯಲ್ಲ. ನಮ್ಮ ಅಂಚೆಯನ್ನು ನೆನೆಸಿಕೊಳ್ಳಿ. ಕೊಪ್ಪಕ್ಕೆ ಅದರದೇ ಅಂಚೆ ಕಚೇರಿ, ಶೃಂಗೇರಿಗೆ ಬೇರೆ, ನರಸಿಂಹರಾಜಪುರಕ್ಕೆ ಬೇರೆ. ಆದರೂ ಕೊಪ್ಪದ 577126ರಲ್ಲಿ ಹಾಕಿದ ಕಾಗದ ಶೃಂಗೇರಿಯ 577139ಕ್ಕೆ ತಪ್ಪದೆ ಹೋಗುತ್ತದೆ. ವಿಳಾಸ ಬರೆಯುವ ಕ್ರಮ, ಅಂಚೆಚೀಟಿಯ ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಇದು ಸಾಧ್ಯ. ಹಾಗೆಯೇ ಇಲ್ಲಿ ಯಾರು ಬೇಕಾದರೂ ತಮ್ಮ ಸರ್ವರ್ ಇಟ್ಟುಕೊಳ್ಳಬಹುದು. ಒಂದು ಕಾಲೇಜು, ಒಂದು ಸಂಘ, ಒಂದು ಊರು. ಒಂದರಲ್ಲಿದ್ದವರು ಇನ್ನೊಂದರಲ್ಲಿದ್ದವರೊಡನೆ ಮಾತನಾಡಬಹುದು. ಅದಕ್ಕೆ ಬೇಕಾದ ವಿಳಾಸದ ನಿಯಮವನ್ನು ಆಕ್ಟಿವಿಟಿಪಬ್ ಎನ್ನುತ್ತಾರೆ. ಅಂತರಜಾಲದ ನಿಯಮಗಳನ್ನು ರೂಪಿಸುವ ಒಕ್ಕೂಟ ಅದನ್ನು 2018ರ ಜನವರಿಯಲ್ಲಿ ಒಪ್ಪಿ ಪ್ರಕಟಿಸಿತು. ಅಂಚೆಯಷ್ಟೂ ಒಂದೇ ಇಲಾಖೆಯದು. ಇಲ್ಲಿ ಇಲಾಖೆಯೂ ಇಲ್ಲ, ನಿಯಮ ಮಾತ್ರ ಇದೆ.

ಭಾರತೀಯರು ಇದರ ಬಾಗಿಲು ತಟ್ಟಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ, ಪ್ರತಿಭಟನೆಯಾಗಿ ಅನೇಕರು ಮಾಸ್ಟಡಾನಿಗೆ ಹೋದರು. ಕೆಲವರು ಉಳಿದರು, ಬಹಳ ಮಂದಿ ಹಿಂತಿರುಗಿದರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡಾಗ ಜಗತ್ತಿನಾದ್ಯಂತ ಮತ್ತೊಂದು ವಲಸೆ ನಡೆದು, ಮಾಸ್ಟಡಾನಿನ ಸಕ್ರಿಯ ಬಳಕೆದಾರರು ಸುಮಾರು 25 ಲಕ್ಷಕ್ಕೆ ಮುಟ್ಟಿದರು. ಯಜಮಾನರು ಬದಲಾದಾಗಲಷ್ಟೇ ಜಗಲಿ ಯಾರದೆಂಬ ಪ್ರಶ್ನೆ ನಮಗೆ ಹೊಳೆಯುತ್ತದೆ!

ಕಾಗದದ ಮೇಲಿನ ಷರತ್ತಿಗೆ ಬೆಲೆಯಿದೆಯೇ ಎಂಬ ಅನುಮಾನ ನನಗೂ ಇತ್ತು. 2021ರ ಅಕ್ಟೋಬರ್‌ನಲ್ಲಿ ಅದಕ್ಕೆ ಪರೀಕ್ಷೆಯಾಯಿತು. ಅಮೆರಿಕದ ಡೊನಾಲ್ಡ್ ಟ್ರಂಪ್ ಅವರ ಕಂಪನಿ ಟ್ರೂತ್ ಸೋಷಿಯಲ್ ಎಂಬ ತಾಣವನ್ನು ತೆರೆಯಹೊರಟಾಗ, ಅದರ ಒಳಗಿರುವುದು ಮಾಸ್ಟಡಾನೇ ಎಂದು ನೋಡಿದವರು ಕಂಡುಹಿಡಿದರು. ಮೂಲ ಬರಹ ಕೊಟ್ಟಿರಲಿಲ್ಲ. ಮಾಸ್ಟಡಾನಿನವರು ಲೈಸೆನ್ಸಿನ ಷರತ್ತು ನೆನಪಿಸಿ ಪತ್ರ ಬರೆದರು. ನವೆಂಬರ್‌ನಲ್ಲಿ ಆ ಕಂಪನಿ ಮೂಲ ಬರಹವನ್ನು ಹೊರಗಿಟ್ಟಿತು. ಅಷ್ಟು ದೊಡ್ಡವರೂ ಹೆಪ್ಪು ಕೊಡಲೇಬೇಕಾಯಿತು. ರೋಖ್ಕೊ ಕೂಡ ಒಂದು ಮಾತು ಅರಿತವನು: ಲೈಸೆನ್ಸ್ ಮುಕ್ತವಾದರೂ ಹೆಸರೂ ಅಧಿಕಾರವೂ ಒಬ್ಬನ ಕೈಯಲ್ಲಿದ್ದರೆ ಅವನೇ ಯಜಮಾನ. 2025ರಲ್ಲಿ ಅವನ್ನು ಲಾಭರಹಿತ ಸಂಸ್ಥೆಗೆ ವಹಿಸುವುದಾಗಿ ಪ್ರಕಟಿಸಿ, ಮುಖ್ಯಸ್ಥನ ಸ್ಥಾನದಿಂದ ಇಳಿದ. ಯಜಮಾನಿಕೆ ಬಿಟ್ಟುಕೊಡುವ ಯಜಮಾನರು ನಮ್ಮ ಕಡೆ ಎಷ್ಟಿದ್ದರು?

ಹಾಗೆಂದು ಎಲ್ಲವೂ ಸುಗಮ ಎಂದು ಹೇಳಿದರೆ ಸುಳ್ಳಾದೀತು. ಸರ್ವರಿಗೆ ಬಾಡಿಗೆ ಕಟ್ಟಬೇಕು, ದಿನವೂ ನೋಡಿಕೊಳ್ಳುವವರು ಬೇಕು, ಕೆಟ್ಟ ಮಾತಾಡುವವರನ್ನು ಹೊರಗೆ ಕಳಿಸುವ ಗಟ್ಟಿತನ ಬೇಕು. ಸಂಬಳವಿಲ್ಲದ ಈ ಚಾಕರಿ ಎಷ್ಟು ಕಷ್ಟವೆಂದು ಮನೆ ನಡೆಸುವ ಹೆಂಗಸರಿಗೆ ಗೊತ್ತು. ಬೇಸತ್ತು ಮುಚ್ಚಿದ ಸಣ್ಣ ಸರ್ವರುಗಳೂ ಇವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಿಂಬಾಲಿಸುವ ಬಳಗವನ್ನು ಕರೆದೊಯ್ಯಬಹುದು, ಹಳೆಯ ಬರಹಗಳು ತಾವಾಗಿ ಜೊತೆಗೆ ಬರುವುದಿಲ್ಲ. ಮುಕ್ತ ಪತ್ರ ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ. ದ್ವೇಷ ಹರಡುವವರೂ ಅದೇ ತಂತ್ರಾಂಶ ಎತ್ತಿಕೊಂಡದ್ದುಂಟು. ಲೈಸೆನ್ಸ್ ಬಾಗಿಲು ತೆರೆದಿಡುತ್ತದೆ, ಮನೆ ಗುಡಿಸುವುದಿಲ್ಲ.

ಉಳಿಸಿಕೊಳ್ಳುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಶೃಂಗೇರಿ ಮಠದಲ್ಲಿದ್ದವು. ಅವುಗಳೊಡನೆ ಪತ್ರಗಳ ಕಟ್ಟುಗಳೂ ಇದ್ದವು. 1791ರಲ್ಲಿ ಮರಾಠರ ಪಡೆಯವರು ಶೃಂಗೇರಿಯನ್ನು ಸೂರೆ ಮಾಡಿದ ಮೇಲೆ ಸ್ವಾಮಿಗಳಿಗೂ ಟಿಪ್ಪು ಸುಲ್ತಾನನಿಗೂ ನಡೆದ ಪತ್ರವ್ಯವಹಾರದ ಕನ್ನಡ ಕಾಗದಗಳನ್ನು 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅಲ್ಲಿ ಕಂಡರು. ನೂರಿಪ್ಪತ್ತೈದು ವರ್ಷ ಕಾಗದ ಕಾದಿತ್ತು. ಇಂದಿನ ನಮ್ಮ ಮಾತು ಹತ್ತು ವರ್ಷವೂ ಬಾಳದು.

ಆದ್ದರಿಂದ ನನ್ನ ಸೋದರಿಯರಲ್ಲಿ ಒಂದು ಬಿನ್ನಹ. ಇರುವ ತಾಣಗಳನ್ನು ಬಿಟ್ಟುಬಿಡಿ ಎಂದು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಕುಳಿತುಕೊಳ್ಳುವ ಮೊದಲು ಒಮ್ಮೆ ಕೇಳಿ: ಇದರ ಯಜಮಾನರು ಯಾರು? ಅಪ್ಪಣೆಪತ್ರದಲ್ಲಿ ಏನಿದೆ? ನಾಳೆ ಹೊರಡಬೇಕಾದರೆ ಗಂಟು ಕಟ್ಟಿಕೊಂಡು ಹೋಗಲು ಬಿಡುತ್ತಾರೆಯೇ? ಮಗನನ್ನೋ ಸೊಸೆಯನ್ನೋ ಕೇಳಿದರೆ ಅವರೂ ಅದನ್ನು ಮೊದಲ ಬಾರಿಗೆ ಯೋಚಿಸುತ್ತಾರೆ.

ನಮ್ಮ ಮಂಡಳಿಯವರ ಮೊಬೈಲುಗಳನ್ನೆಲ್ಲ ತಡಕಿದಾಗ ಹಸೆ ಹಾಡುಗಳಲ್ಲಿ ಹನ್ನೊಂದು ಸಿಕ್ಕಿವೆ. ಅವನ್ನು ಎರಡು ನೋಟ್‌ಬುಕ್ಕುಗಳಲ್ಲಿ ಬರೆದು ಎರಡು ಮನೆಗಳಲ್ಲಿ ಇಟ್ಟಿದ್ದೇವೆ. ಧ್ವನಿಯನ್ನು ಮುಕ್ತ ಲೈಸೆನ್ಸಿನ ತಾಣದಲ್ಲಿ ಹಾಕುವ ಕೆಲಸ ತಮ್ಮನ ಮಗನ ತಲೆಗೆ ಕಟ್ಟಿದ್ದೇನೆ. ಮೂರನೆಯ ಮುದುಕಿ ಇನ್ನೂ ಗಟ್ಟಿಯಾಗಿದ್ದಾರೆ, ಹಾಡುತ್ತಾರೆ. ಮಳೆ ಬಿಟ್ಟ ಮೇಲೆ ಅವರ ಮನೆಗೆ ಹೋಗಬೇಕು.